ನಾಲ್ಕು ಡಿಸ್ಕು, ಎರಡು ಪಾಲು

ಸ್ಕ್ರೂ ಎಲ್ಲಿಗೆ ಉರುಳಿತು, ಮದರ್‌ಬೋರ್ಡಿನ ಅಡಿಗೋ ಮೇಜಿನ ಕೆಳಗೋ, ಟಿಣ್ ಅಂದದ್ದಂತೂ ನಿಜ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈ ಕ್ಯಾಬಿನೆಟ್ಟಿನೊಳಗೆ ತೂರಿಸಿ ತಡಕುತ್ತಾನೆ — ಬೆಳಕು ಹಿಡಿಯಲು ಇನ್ನೊಬ್ಬರಿದ್ದಿದ್ದರೆ, ಇದ್ದರಲ್ಲ, ಇಪ್ಪತ್ತು ವರ್ಷ, ಸ್ಟುಡಿಯೋದಲ್ಲಿ ಇವನು ಕ್ಯಾಮೆರಾ, ಅಣ್ಣ ಲೈಟು, ಸ್ವಲ್ಪ ಎಡಕ್ಕೆ ಅನ್ನುವಷ್ಟರಲ್ಲಿ ಲೈಟು ಎಡಕ್ಕೆ ಬಂದಿರುತ್ತಿತ್ತು, ಈಗ ಆರು ವರ್ಷ ಮಾತಿಲ್ಲ ಕತೆಯಿಲ್ಲ, ಭಾನುವಾರದ ಮಧ್ಯಾಹ್ನ ಈ ಮನೆಯಲ್ಲಿ ಫ್ಯಾನು ಬಿಟ್ಟರೆ ಸದ್ದು ಮಾಡುವವರಿಲ್ಲ, ಜೊಲ್ಲು ಗದ್ದಕ್ಕಿಳಿಯಿತು, ಥೂ, ಸಿಕ್ಕಿತು ಸ್ಕ್ರೂ. ನಾಲ್ಕು ಗೂಡು, ಎರಡರಲ್ಲಿ ಡಿಸ್ಕು, ಇನ್ನೆರಡು ಖಾಲಿ. ಈ ಡಿಸ್ಕುಗಳೂ ಖಾಲಿ ಎಂದೇ ತಾನೇ ನಿನ್ನೆ ಅಟ್ಟದಿಂದಿಳಿಸಿ ಅಂಗಡಿಗೆ ಒಯ್ದದ್ದು, ಹೊಸ ಕಂಪ್ಯೂಟರಿಗೆ ಆಗುತ್ತಾ ನೋಡಿ ಎಂದದ್ದು, ಅಂಗಡಿಯವನು ತನ್ನ ಯಂತ್ರಕ್ಕೆ ಸಿಕ್ಕಿಸಿ ನೋಡಿ, ಯಾರ್ ಹೇಳಿದ್ದು ಖಾಲಿ ಅಂತ, ಇದು ರೇಡ್ ಸೆಟ್ಟಿಂದು ಸಾರ್, ಒಂದೊಂದು ಫೋಟೋನೂ ಚೂರು ಚೂರು ಮಾಡಿ ನಾಲ್ಕರಲ್ಲೂ ಹಂಚಿರುತ್ತೆ, ಮೂರು ಸೇರಿದ್ರೆ ಎಲ್ಲಾ ವಾಪಸ್ ಬರುತ್ತೆ, ಎರಡೇ ಇದ್ರೆ ದೇವ್ರಾಣೆಗೂ ಬರಲ್ಲ, ಬೇರೆ ಮಾಡಿದ ಪುಣ್ಯಾತ್ಮರು ಯಾರು ಸಾರ್? ಅಣ್ಣತಮ್ಮ ಸ್ಟುಡಿಯೋ ಪಾಲು ಮಾಡಿಕೊಂಡ ದಿನ ಸ್ಟ್ಯಾಂಡು ನಿನಗೆ ಲೆನ್ಸು ನನಗೆ, ಹಿಂದಿನ ಪರದೆಯನ್ನೂ ಅಳೆದು ಕತ್ತರಿಸಿದ್ದರು, ಡಿಸ್ಕು ನಾಲ್ಕು, ತಲಾ ಎರಡು, ಸರಿಸಮ, ಯಾರಿಗೂ ಅನ್ಯಾಯವಿಲ್ಲ, ಆಹಾ ಎಂಥ ಬುದ್ಧಿವಂತರು. ಅವತ್ತು ಮನೆಗೆ ತಂದು ಹಾಕಿದರೆ ಕಂಪ್ಯೂಟರ್ ಪರದೆಯ ಮೇಲೆ ಒಂದೇ ಪ್ರಶ್ನೆ, ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ, ಅಂದರೆ ಒಳಗೆ ಏನೂ ಇಲ್ಲ, ಅಂದರೆ ಅಣ್ಣ ಅಳಿಸಿ ಕೊಟ್ಟಿದ್ದಾನೆ, ಕ್ಯಾಮೆರಾ ಕಂಡರೆ ಸೆರಗು ಮುಚ್ಚಿಕೊಳ್ಳುವ ಅಮ್ಮ ಒಂದೇ ಒಂದು ಸಲ ಬಾಯ್ತುಂಬ ನಕ್ಕ ಆ ಫೋಟೋವನ್ನೂ ತಾನೇ ನುಂಗಿದ್ದಾನೆ — ಇವನು ಸಿಟ್ಟಿಗೆ ಡಿಸ್ಕು ಕಿತ್ತು ಅಟ್ಟಕ್ಕೆಸೆದಿದ್ದ.

ಚಿಕ್ಕಪ್ಪನ ತಿಥಿಯ ದಿನ ಗೇಟಿನ ಹತ್ತಿರ ಅಣ್ಣ, ನೀನು ಕೊಟ್ಟ ಡಿಸ್ಕು ನೋಡಿದೀನಿ ಬಿಡಪ್ಪ, ಅಂದಿದ್ದ, ಕದ್ದವನಿಗೆ ಎಷ್ಟು ಪೊಗರು ಎಂದುಕೊಂಡು ಇವನು ಊಟ ಮಾಡದೆ ಬಂದಿದ್ದ, ಅಯ್ಯೋ, ಅವನಿಗೂ ಖಾಲಿ ಕಂಡಿತ್ತಲ್ಲ, ಅವನ ಲೆಕ್ಕದಲ್ಲಿ ಕಳ್ಳ ನಾನಲ್ಲವೇ, ಯಾರೂ ಕದಿಯದ ಮಾಲಿಗೆ ಇಬ್ಬರು ಕಳ್ಳರು, ಆರು ವರ್ಷ. ಅಣ್ಣನ ಎರಡರಲ್ಲಿ ಒಂದು ಸಾಕು, ಒಂದೇ ಒಂದು — ಆದರೆ ಅಣ್ಣ ಕಂಪ್ಯೂಟರ್ ಏನು ಕೇಳಿದರೂ ಓದುವವನಲ್ಲ, ಕೇಳ್ತಿದೆ ಪಾಪ, ಹ್ಞೂಂ ಅಂದ್ಬಿಡೋಣ ಅನ್ನುತ್ತ ಎಂಟರ್ ಒತ್ತುವವನು, ಆ ತೋರುಬೆರಳು, ಫಿಲಂ ತೊಳೆಯುವ ಕಾಲದಲ್ಲೇ ಕಂದಾದ ಉಗುರು, ಎಂಟರ್, ಎಂಟರ್, ಅವತ್ತೂ ಒತ್ತಿದ್ದರೆ ಎಲ್ಲಾ ಅಳಿಸಿಹೋದಂತೆಯೇ. ನಂಬರು ಬಾಯಿಪಾಠವಿದೆ, ಬೇಡವೆಂದರೂ ಇದೆ. ರಿಂಗಾಗುತ್ತಿದೆ, ಎತ್ತಲಾರ, ಎತ್ತಿದ, ಹಲೋ, ಗಂಟಲು ಎಷ್ಟು ಮುದಿಯಾಗಿದೆ, ಅಣ್ಣಾ ನಾನು, ಆ ಡಿಸ್ಕು ಖಾಲಿ ಇರ್ಲಿಲ್ಲ ಅಣ್ಣಾ, ನಿಂದೂ ಇರ್ಲಿಲ್ಲ ನಂದೂ ಇರ್ಲಿಲ್ಲ, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಲ್ಲ, ಆಗ ನೀನು ಏನ್ ಒತ್ತಿದೆ — ಇವನ ಕಣ್ಣ ಮುಂದೆ ಎಂಟರ್ ಕೀಯ ಮೇಲೆ ಇಳಿಯುತ್ತಿರುವ ಬೆರಳು, ಕಂದು ಉಗುರು, ಆ ಬೆರಳು