ನಾಲ್ಕು ನಿಮಿಷ

ಕಿರ್ ಅಂತ ಶುರುವಾಗಿ ಗರಗರ ಅಂದು ಫೋನ್ ಲೈನಿಗೆ ಹಾಕಿದ ಹೊಸ ಮೋಡೆಮ್ಮಿನ ಸದ್ದು ಥಟ್ಟನೆ ನಿಂತಿತು, ಲೈನು ಕೂಡಿಕೊಂಡಿತು, ಇಷ್ಟು ಬೇಗವೇ ಅಂತ ಆಫೀಸಿನ ಕಂಪ್ಯೂಟರ್ ಮುಂದೆ ಕೂತ ಅವಳಿಗೇ ನಂಬಿಕೆ ಬರಲಿಲ್ಲ, ಹಳೇ ಮೋಡೆಮ್ ಆಗಿದ್ದರೆ ಇನ್ನೂ ಕೆಮ್ಮುತ್ತಾ ಕೂತಿರುತ್ತಿತ್ತು — ಆ ತುದಿಯಲ್ಲಿ, ಎಂಟು ತಾಸಿನ ಬಸ್ ದಾರಿಯಾಚೆ, ಲಾಡ್ಜಿನ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುವವನು ಅವಳ ಗಂಡ, ಇದೇ ಕಂಪನಿಯ ಸೇಲ್ಸ್‌ಮನ್, ಮೊದಲ ಪರೀಕ್ಷೆಗೆ ಅವನೇ ಇರಲಿ ಅಂತ ಮ್ಯಾನೇಜರ್ ನಕ್ಕಿದ್ದರು, ನಿಮ್ಮ ಮಾತು ಕೇಳೋನು ಅವನೊಬ್ಬನೇ ಅಲ್ವೇನಮ್ಮ, ಈಗ ಬೆನ್ನ ಹಿಂದೆಯೇ ನಿಂತು ಪೆನ್ನು ಟಕಟಕ ಒತ್ತುತ್ತಿದ್ದಾರೆ — ಆರ್ಡರ್ ಫೈಲು ಬರುತ್ತಿದೆ, ಶೇಕಡಾ ಹತ್ತು, ಹತ್ತೊಂಬತ್ತು, ಮೊದಲೆಲ್ಲ ಇದಕ್ಕೇ ನಲವತ್ತು ನಿಮಿಷ, ಮೂವತ್ತೆಂಟನೇ ನಿಮಿಷಕ್ಕೆ ಲೈನು ಕಟ್ಟಾದರೆ ಮತ್ತೆ ಮೊದಲಿಂದ, ಅದಕ್ಕೇ ಸೇಲ್ಸ್‌ನವರೆಲ್ಲ ಬೇಸತ್ತು ಪ್ರತಿ ಶನಿವಾರ ಆರ್ಡರ್ ಪುಸ್ತಕ ಹೊತ್ತು ಖುದ್ದು ಆಫೀಸಿಗೇ ಬರುವುದು, ಬಂದವನು ಭಾನುವಾರ ಪೂರ್ತಿ ಮನೆಯಲ್ಲಿ, ಮಗಳ ಸೈಕಲ್ ಸೀಟು ಹಿಡಿದು ಬೀದಿಯುದ್ದ ಓಡುತ್ತಾ, ಬಿಡ್ಬೇಡ ಅಪ್ಪ, ಬಿಟ್ಟಿಲ್ಲ ಪುಟ್ಟಿ, ತುಳಿ ತುಳಿ — ಶೇಕಡಾ ನಲವತ್ತು — ವೇಗದ ಮೋಡೆಮ್ ಹಾಕಿಸಿ ಸರ್, ಊರೂರಿಗೊಂದು ಲೋಕಲ್ ನಂಬರ್ ಕೊಡಿಸಿ ಸರ್, ಪಾಪ ಅವರು ಅಲ್ಲಿ ಒದ್ದಾಡ್ತಾರೆ, ಒಂದು ವರ್ಷ ಗುದ್ದಾಡಿದ್ದು ಇವಳೇ, ಮೊನ್ನೆ ಮ್ಯಾನೇಜರ್ ಒಪ್ಪಿದ್ದೂ ಅದಕ್ಕೇ, ಇದೊಂದು ಸರಿಹೋದ್ರೆ ಶನಿವಾರ ಯಾರೂ ಬರೋದು ಬೇಡಮ್ಮ, ಅಲ್ಲೇ ಇನ್ನೆರಡು ಊರು ಸುತ್ತಲಿ, ಅಂದಾಗಲೇ ಭಾನುವಾರದ ಸೈಕಲ್ಲು ನೆನಪಾಗಿದ್ದು, ಆದರೂ ತಲೆಯಾಡಿಸಿದ್ದಳು, ಬೆಳಿಗ್ಗೆ ಫೋನಲ್ಲಿ ಅವನು ಮೆತ್ತಗೆ ಕೇಳಿದ, ಏನೇ, ಫೈಲು ಹೋಗ್ಲಿಲ್ಲ ಅಂದ್ಬಿಟ್ರೆ ಏನಾಗುತ್ತೆ, ನನ್ನ ಕೆಲಸ ರೀ ಅದು ಅಂದಳು, ಗೊತ್ತು ಬಿಡು ತಮಾಷೆಗಂದೆ ಅಂದ, ತಮಾಷೆಯ ದನಿ ಅದಲ್ಲ, ಹತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ — ಎಪ್ಪತ್ತು — ಕಟ್ಟಾಗಲಿ, ಛೆ, ಕಟ್ಟಾಗಬಾರದು, ವೈರು ಕಾಲ ಬೆರಳ ಪಕ್ಕದಲ್ಲೇ ಇದೆ, ಒಂದು ಸಲ ಎಳೆದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ, ಚಪ್ಪಲಿಯ ತುದಿ ತಾಗಿತು, ತಾಗಿ ಹಿಂದೆ ಸರಿಯಿತು — ತೊಂಬತ್ತೆಂಟು, ನೂರು, ಲೈನು ತಾನೇ ಬಿಟ್ಟುಕೊಂಡಿತು, ಅಷ್ಟರಲ್ಲೇ ಮೇಜಿನ ಫೋನು ಬಡಿದುಕೊಂಡಿತು, ಅವನೇ, ಎಲ್ಲಾ ಬಂತಾ, ಬಂತು ರೀ, ಅವನು ಅಂದ, ಪುಟ್ಟಿಗೆ ಬ್ರೇಕ್ ಹಿಡಿಯೋದು ಇನ್ನೂ ಹೇಳಿಕೊಟ್ಟಿಲ್ಲ ಕಣೇ, ಬೆನ್ನ ಹಿಂದೆ ಪೆನ್ನಿನ ಸದ್ದು ನಿಂತಿತು, ಎಷ್ಟಾಯ್ತಮ್ಮ ಒಟ್ಟು, ನಾಲ್ಕು ನಿಮಿಷ ಸರ್ ಅಂದಳು, ರಿಸೀವರ್ ಕಿವಿಯಲ್ಲೇ ಇತ್ತು, ಆ ತುದಿಯಲ್ಲೂ ಕೇಳಿಸಿತು, ನಾಲ್ಕೇನಾ, ಅಂದ ಅವನು, ಭಾಳ ಚೆನ್ನಾಗಿ ಮಾಡಿದ್ದೀಯ ಕಣೇ, ಅಂದ, ಫೋನ್ ಇಡಲಿಲ್ಲ, ಇವಳೂ ಇಡಲಿಲ್ಲ —