ಗಿಲಕಿ ಹೂವಿನ ಬಯಲು

“ಕೈ ತೆಗಿ ಚಿಕ್ಕಮ್ಮ, ಮುಚ್ಚಳ ಹಾಕ್ಬೇಕು,” ಎನ್ನುತ್ತ ಮಗಳು ಅಮ್ಮನ ಶವಪೆಟ್ಟಿಗೆಯ ಮುಚ್ಚಳದ ಒಂದು ತುದಿ ಹಿಡಿದಳು.

ಚಿಕ್ಕಮ್ಮ ಇನ್ನೂ ಅಕ್ಕನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತಿದ್ದಳು. ಊರಿನವರಿಗೆಲ್ಲ ಕ್ಷೌರ ಮಾಡಿದವಳ ತಲೆ, ಕಾಯಿಲೆ ಬಿದ್ದ ಮೇಲೆ ಯಾರ ಕತ್ತರಿಯನ್ನೂ ಕಂಡಿರಲಿಲ್ಲ.

ಮುಚ್ಚಳ ಕೂತಿತು. ಮಗಳಿಗೆ ಅಳು ಬರಲಿಲ್ಲ, ಆಕಳಿಕೆ ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ರಾತ್ರಿಗಳೆಲ್ಲ ರೆಪ್ಪೆಗೆ ಜೋತುಬಿದ್ದಿದ್ದವು. ಇವತ್ತೊಂದು ದಿನ ದಾಟಿಬಿಟ್ಟರೆ ಸಾಕಾಗಿತ್ತು.

ಮೊದಲು ಬಂದವನು ಬೇಕರಿಯವನು. ಹಿಟ್ಟಿನ ಚೀಲದೊಳಗಿಂದ ಹಳದಿ ಗಿಲಕಿ ಹೂವಿನ ಕಡ್ಡಿಗಳನ್ನು ಕದ್ದ ಮಾಲಿನಂತೆ ಹೊರತೆಗೆದ. “ಅವಳ ಬಯಲಿಂದ ಒಂದೇ ಹಿಡಿ ಕಿತ್ತೆ ಕಣಮ್ಮ. ಅವಳಿದ್ದಿದ್ರೆ ನನ್ನ ಬೆರಳು ಕತ್ತರಿಸ್ತಿದ್ಲು. ಆದ್ರೆ ಅವಳಿಗೆ ಅಂಗಡಿ ಹೂ ತಂದ್ಹಾಕೋಕೆ ಮನಸ್ಸು ಬರ್ಲಿಲ್ಲ.”

ಅವನ ಹಿಂದೆಯೇ ಟಪಾಲಿನವಳು ಬಂದಳು. ಅವಳದೂ ಒಂದೇ ಹಿಡಿ. ಆಮೇಲೆ ಬೀಗ ರಿಪೇರಿಯವನು, ಔಷಧಿ ಅಂಗಡಿಯ ಅಣ್ಣತಮ್ಮಂದಿರು, ಎದುರು ಮನೆಯವರು. ಎಲ್ಲರೂ ಬಾಗಿಲಲ್ಲಿ ದನಿ ತಗ್ಗಿಸಿ ಒಂದೇ ಮಾತಾಡಿದರು: ಒಂದೇ ಹಿಡಿ. ನೋಡುನೋಡುತ್ತಿದ್ದಂತೆ ಪೆಟ್ಟಿಗೆಯ ಮರ ಮುಚ್ಚಿಹೋಗಿ, ಹಳದಿ ನೆಲದವರೆಗೂ ಇಳಿಯಿತು.

“ಬಯಲಿನ ಪಾಲುದಾರರು ಇಷ್ಟೊಂದು ಜನಾನಾ!” ಎಂದಳು ಚಿಕ್ಕಮ್ಮ.

“ಇನ್ನೇನ್ ಮಾಡ್ತಿದ್ವಿ?” ಎಂದ ಬೇಕರಿಯವನು. “ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿನ ಮೇಲೆ ಕ್ಷೌರದ ಕತ್ತಿ ಇಟ್ಕೊಂಡು, ‘ಬಯಲು ಕೊಳ್ಳೋಕೆ ಒಂದು ಪಾಲು ಹಾಕ್ತೀಯೇನಪ್ಪಾ?’ ಅಂತ ಕೇಳೋಳು. ಆಗ ಇಲ್ಲ ಅನ್ನೋ ಗಂಡಸು ಯಾವನು?”

“ನನಗೆ ಕತ್ತಿ ಇಡ್ಲಿಲ್ಲ. ಅರ್ಧ ತಲೆ ಕತ್ತರಿಸಿ ನಿಲ್ಲಿಸಿಬಿಟ್ಲು,” ಎಂದಳು ಟಪಾಲಿನವಳು.

ನಗು ಎದ್ದಿತು; ಪೆಟ್ಟಿಗೆ ಕಣ್ಣಿಗೆ ಬಿದ್ದೊಡನೆ ಅಡಗಿತು.

ಮಗಳು ನಗಲಿಲ್ಲ. ಅವಳು ಹೂವನ್ನೇ ನೋಡುತ್ತಿದ್ದಳು.

*

ಅವಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಗೋದಾಮು ಕಟ್ಟುವವರ ಬಾಯಿಂದ ಬಯಲು ಆಗಷ್ಟೇ ತಪ್ಪಿಸಿಕೊಂಡಿತ್ತು. ಒಂದು ಗಿಲಕಿ ಹೂ ಕಿತ್ತು ಮುಡಿದುಕೊಂಡದ್ದಕ್ಕೆ ಅಮ್ಮ ಅವಳ ಕಿವಿ ಹಿಂಡಿದ್ದಳು.

“ಹುಲ್ಲು ಮಹಾ ಹೊಟ್ಟೆಬಾಕ. ಬಿಟ್ರೆ ಬಯಲನ್ನೆಲ್ಲ ನುಂಗುತ್ತೆ. ಈ ಗಿಲಕಿ ಮಣ್ಣಡಿ ಹುಲ್ಲಿನ ಬೇರು ಹಿಡಿದು ರಸ ಹೀರುತ್ತೆ. ಹುಲ್ಲು ಸೊರಗಿದ್ರೇ ಮಿಕ್ಕ ಹೂಗಳಿಗೆ ಉಸಿರು. ಆದ್ರೆ ಪಾಪದ್ದು, ಒಂದೇ ವರ್ಷದ ಬಾಳು. ಈ ವರ್ಷ ಬೀಜ ಉದುರಿಸಲಿಲ್ಲ ಅಂದ್ರೆ ಮುಂದಿನ ವರ್ಷಕ್ಕೆ ಗಿಡವೇ ಇಲ್ಲ.”

ಬೇಸಿಗೆಯ ಕೊನೆಗೆ ಅಮ್ಮ ಒಂದು ಕಡ್ಡಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವಳು. ಒಣಗಿದ ಬುರುಡೆಯಲ್ಲಿ ಬೀಜ ಗಿಲಗಿಲ ಅಂದರಷ್ಟೇ ಹುಲ್ಲು ಕೊಯ್ಯಲು ಅಪ್ಪಣೆ. ಆ ಸದ್ದಿಗಾಗಿ ಮನೆಯ ಎಷ್ಟೋ ಮಾತುಗಳು ಅಮ್ಮನ ಕಿವಿಗೆ ಬೀಳದೇ ಹೋಗಿದ್ದವು. ಪ್ರವಾಸವಿಲ್ಲ, ಭಾನುವಾರವಿಲ್ಲ. ಬಯಲೆಂಬ ಇನ್ನೊಬ್ಬ ಮಗಳನ್ನು ಹೆತ್ತು ಊರಾಚೆ ಮಲಗಿಸಿದ್ದಾಳೆ, ಅವಳ ಚಿಂತೆಯಲ್ಲಿ ಅಮ್ಮನಿಗೆ ಹಸಿವು ನಿದ್ದೆ ಒಂದೂ ಇಲ್ಲ, ಅನ್ನಿಸುತ್ತಿತ್ತು ಹುಡುಗಿಗೆ.

*

“ಇನ್ಮೇಲೆ ಕೊಯ್ಲು ಯಾವಾಗ ಅಂತ ನೀನೇ ಹೇಳ್ಬೇಕಮ್ಮ,” ಎಂದ ಬೇಕರಿಯವನು ಮೆಲ್ಲಗೆ. “ನಮಗ್ಯಾರಿಗೂ ಆ ಕಿವಿ ಇಲ್ಲ.”

ಮಗಳು ಹೂವಿನ ರಾಶಿಯ ಲೆಕ್ಕ ಹಾಕಿದಳು. ಬಯಲಲ್ಲಿ ಈಗ ಒಂದಾದರೂ ಗಿಲಕಿ ಉಳಿದಿರಲಾರದು. ಬಾಯಿ ಮುಚ್ಚಿಕೊಂಡು ಕೂತರಾಯಿತು. ಇಷ್ಟೂ ಹೂ ಅಮ್ಮನ ಜೊತೆ ಮಣ್ಣಿಗೆ ಹೋಗುತ್ತದೆ, ಮುಂದಿನ ವರ್ಷ ಹುಲ್ಲು ತಲೆಯೆತ್ತುತ್ತದೆ, ಆಮೇಲೆ ಬಯಲಿಲ್ಲ, ಪಾಲುದಾರರ ಸಭೆಯಿಲ್ಲ, ಯಾರೂ ಬಂದು ಅವಳ ಬಾಗಿಲು ಬಡಿಯುವುದಿಲ್ಲ. ತಪ್ಪು ಅವಳದೂ ಅಲ್ಲ. ಎಷ್ಟು ಸಲೀಸು!

ಅವಳ ಬೆರಳು ತಾನಾಗಿಯೇ ಒಂದು ಕಡ್ಡಿಯ ಬುಡ ಹಿಸುಕಿತು. ತುದಿಯಲ್ಲಿ ಹೂವಿದ್ದರೂ ಕೆಳಗಿನ ಹಸಿರು ಬುರುಡೆಗಳಲ್ಲಿ ಬೀಜ ಗಟ್ಟಿಯಾಗುತ್ತಿತ್ತು. ಇವತ್ತೇ ಬಯಲಲ್ಲಿ ಹರಡಿದರೆ ಬಿಸಿಲಿಗೆ ಒಂದಿಷ್ಟಾದರೂ ಬಲಿತು ಉದುರೀತು.

ಅವಳು ದೊಡ್ಡದೊಂದು ಉಸಿರು ಬಿಟ್ಟಳು. ಹೊತ್ತಿಳಿಸಿದ ಮೂಟೆಯನ್ನು ಮತ್ತೆ ಬೆನ್ನಿಗೇರಿಸುವವರು ಬಿಡುವಂಥದ್ದು.

“ಎಲ್ಲಾ ತೆಗೀರಿ.”

“ಏನು ತೆಗೆಯೋದು?”

“ಹೂವು. ಒಂದೊಂದೇ ಹಿಡಿ ಅಂತ ಊರೆಲ್ಲ ಸೇರಿ ಬಯಲು ಬೋಳಿಸಿದ್ದೀರಿ. ಬೀಜ ಇನ್ನೂ ಇದರಲ್ಲೇ ಇದೆ.”

ಬೇಕರಿಯವನು ಟಪಾಲಿನವಳ ಮುಖ ನೋಡಿದ, ಅವಳು ಬೀಗದವನ ಮುಖ ನೋಡಿದಳು. “ಅಯ್ಯೋ,” ಎಂದಿತು ಯಾವುದೋ ದನಿ, “ನಾನೊಬ್ಬಳೇ ಅಂದ್ಕೊಂಡಿದ್ನಲ್ಲ.”

“ಬರೀ ಪೆಟ್ಟಿಗೆ ಹೊರಡಿಸ್ತೀಯೇನೇ? ಹೆತ್ತವಳು ಕಣೇ ಅವಳು!” ಎಂದು ಚಿಕ್ಕಮ್ಮ ಅವಳ ಕೈ ಹಿಡಿದಳು.

“ಗೊತ್ತು ಚಿಕ್ಕಮ್ಮ. ಹಿಡ್ಕೋ, ಅಲ್ಲಾಡಿಸಬೇಡ,” ಎಂದು ಮಗಳು ಮೊದಲ ತೋಳು ತುಂಬ ಹೂವನ್ನು ಅವಳಿಗೇ ಹೊರಿಸಿದಳು.

ಸ್ಮಶಾನದ ದಾರಿಯಲ್ಲೇ ಬಯಲು. ಪೆಟ್ಟಿಗೆ ಹೊತ್ತ ವ್ಯಾನು ರಸ್ತೆ ಬದಿಗೆ ನಿಂತಿತು. ಕಪ್ಪು ಬಟ್ಟೆಯ ಜನ ಸೊಂಟ ಬಗ್ಗಿಸಿ, ಮಲಗಿದ ಕೂಸುಗಳನ್ನು ಇಳಿಸಿದಂತೆ, ಕಡ್ಡಿಗಳನ್ನು ಹುಲ್ಲಿನ ಸಂದಿಯಲ್ಲಿ ಹರಡುತ್ತ ಹೋದರು. “ಒತ್ತೊತ್ತಾಗಿ ಬೇಡ,” ಎಂದು ಮಗಳು ಕೂಗಿದಳು. ಕೂಗಿದ್ದು ತನ್ನ ದನಿಯಂತೆ ಕೇಳಲಿಲ್ಲ. ಕೊನೆಯ ಕಂತೆ ಹರಡಿ ಮುಗಿಸಿದಾಗ ಅಲ್ಲೇ ಹುಲ್ಲಿನ ಮೇಲೆ ಕೂತಳು.

“ಹೊತ್ತಾಯ್ತು, ಅಲ್ಲಿ ಕಾಯ್ತಿರ್ತಾರೆ,” ಎಂದ ವ್ಯಾನಿನ ಡ್ರೈವರು.

ಬೇಕರಿಯವನು ತುಟಿಯ ಮೇಲೆ ಬೆರಳಿಟ್ಟ. ಮಗಳು ಕೂತಲ್ಲೇ ಒರಗಿ, ಬಾಯಿ ಅರೆತೆರೆದು ನಿದ್ದೆಹೋಗಿದ್ದಳು. ವ್ಯಾನಿನ ಹಿಂಬಾಗಿಲಿನ ಒಳಗೆ ಬರಿಮರದ ಪೆಟ್ಟಿಗೆ ಕಾಣುತ್ತಿತ್ತು. ಡ್ರೈವರು ಎಂಜಿನ್ ಆರಿಸಿದ. ಅವಳ ಮುಖಕ್ಕೆ ಬಿಸಿಲು ತಾಗದಂತೆ ಬೇಕರಿಯವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅಲ್ಲೇ ನಿಂತ.