ಸಾಹೇಬರ ಸೊಪ್ಪು, ನಮ್ಮ ಆಲೂಗಡ್ಡೆ

ನನ್ನ ಗಂಡ ಸಣ್ಣಗಾಗತೊಡಗಿದಾಗ ನಾನು ಮೊದಲು ಬೈದದ್ದು ಪ್ಯಾಂಟು ಹೊಲಿದ ಟೈಲರನ್ನು. ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಗಿ ಬಂದಾಗಲೇ ಟೈಲರನ ತಪ್ಪಲ್ಲವೆಂದು ಗೊತ್ತಾದದ್ದು. ದಿನಾ ಬೆಳಿಗ್ಗೆ ಡಬ್ಬಿಯ ತುಂಬ ಅನ್ನ ಒತ್ತಿ, ಮೇಲೆ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದ ಆಲೂಗಡ್ಡೆ ಸುರಿದು ಕಳಿಸುತ್ತೇನೆ. ಸಂಜೆ ಡಬ್ಬಿ ನೆಕ್ಕಿಟ್ಟಷ್ಟು ಖಾಲಿ. ತಿಂದದ್ದೆಲ್ಲ ಹೋಗುವುದಾದರೂ ಎಲ್ಲಿಗೆ?

ಒಂದು ಸಂಜೆ ಬಾಗಿಲಿಗೆ ಅಡ್ಡ ನಿಂತೆ.

“ನಿಜ ಹೇಳಿ. ಕಾಯಿಲೆನಾ, ಇಲ್ಲಾ ನನ್ನ ಅಡುಗೆ ಬೇರೆ ಯಾರಿಗಾದ್ರೂ ಉಣ್ಣಿಸ್ತಿದ್ದೀರಾ?”

“ಉಣ್ಣಿಸ್ತಿದ್ದೀನಿ ಕಣೇ,” ಎಂದರು ತಲೆ ತಗ್ಗಿಸಿ.

“ಯಾರವಳು?”

“ಅವಳಲ್ಲ ಮಾರಾಯ್ತಿ. ನಮ್ಮ ಸಾಹೇಬ್ರು!”

ನನ್ನ ಗಂಡ ಓಡಿಸುವುದು ಆ ಸಾಹೇಬರ ಕಾರು. ಸಾಹೇಬರಿಗೆ ಸಕ್ಕರೆ ಕಾಯಿಲೆ ಹತ್ತಿರ ಬಂದಿದೆಯೆಂದು ಅವರ ಹೆಂಡತಿ ಡಬ್ಬಿಗೆ ಹಸಿ ಸೊಪ್ಪು, ಮೊಳಕೆ ಕಾಳು, ಹೆಸರೇ ಗೊತ್ತಿಲ್ಲದ ಬೀಜ ಹಾಕಿ ಕಳಿಸುತ್ತಾರೆ. ಹಿಂದಿನ ಸೀಟಿನಲ್ಲಿ ಕೂತವರ ಮೂಗಿಗೆ ನನ್ನ ಆಲೂಗಡ್ಡೆಯ ವಾಸನೆ ಬಡಿದಿದೆ. ಮೊದಲು ಒಂದು ತುತ್ತು ಕೇಳಿದರಂತೆ. ಆಮೇಲೆ ಡಬ್ಬಿಯೇ ಅದಲುಬದಲು.

“ಕೊಡಲ್ಲ ಅನ್ನೋಕೆ ನಿಮಗೆ ಬಾಯಿ ಇಲ್ವಾ?”

“ಈ ತಿಂಗಳು ಸಂಬಳ ಜಾಸ್ತಿ ಮಾಡ್ತೀನಿ ಅಂದಿದಾರೆ. ಹೆಂಗೇ ಅನ್ಲಿ?”

ಹೀಗಿರುವಾಗ ಅವರ ಆಫೀಸಿನಲ್ಲಿ ಎಲ್ಲರ ರಕ್ತ ಪರೀಕ್ಷೆಯಾಯಿತು. ನನ್ನ ಗಂಡನ ರಕ್ತ ಚಿನ್ನದಂತಿದೆ ಎಂದರು. ಸಾಹೇಬರ ಸಕ್ಕರೆ ಗಗನಕ್ಕೇರಿತ್ತು. ಆ ದರಿದ್ರ ಸೊಪ್ಪಿನಿಂದ ಒಳ್ಳೆಯದಾಯಿತೆಂದು ಒಪ್ಪಿಕೊಳ್ಳಲು ನನಗಂತೂ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಡ್ರೈವರಿನ ರಕ್ತದ ಗುಟ್ಟೇನೆಂದು ಕೇಳಲು ಸಾಹೇಬರ ಹೆಂಡತಿ, ಮೇಡಂ, ನನಗೇ ಹೇಳಿಕಳಿಸಿದರು.

ಅವರ ಅಡುಗೆಮನೆಯಲ್ಲಿ ಒಲೆ ಯಾವುದು, ಮೇಜು ಯಾವುದು ಎಂದೇ ಗೊತ್ತಾಗಲಿಲ್ಲ. ಮೇಡಂ ಹಿಂದೆ ಸಾಹೇಬರು ಕೈಮುಗಿದು ನಿಂತಿದ್ದರು, ದೇವರಿಗಲ್ಲ, ನನಗೆ, ಬಾಯಿ ಬಿಡಬೇಡ ಎಂಬಂತೆ.

“ನಿನ್ನ ಗಂಡನಿಗೆ ಮಧ್ಯಾಹ್ನಕ್ಕೆ ಏನಮ್ಮಾ ಕೊಡ್ತೀಯ?”

ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. “ಅವರು ತಿನ್ನೋದು ಸೊಪ್ಪು, ಮೊಳಕೆ ಕಾಳು, ಬೀಜ ಮೇಡಂ. ನಿಮ್ಮನೇಲಿ ಮಾಡೋದೇ.”

ಮೇಡಂ ಹುಬ್ಬು ಮೇಲೇರಿತು. “ಆ ಬೀಜದ ರೇಟು ಕೇಳಿ ನನಗೇ ತಲೆ ತಿರುಗುತ್ತೆ. ನಿಮಗೆ ಹೇಗೆ ಪೂರೈಸುತ್ತೆ?” ಸಾಹೇಬರ ಕಡೆ ತಿರುಗಿದರು. “ಏನ್ರೀ, ಡ್ರೈವರಿಗೆ ಸಂಬಳ ಜಾಸ್ತಿ ಮಾಡ್ಬೇಕು ಅಂತಿದ್ರಲ್ಲ? ಈಗಿರೋದೇ ಜಾಸ್ತಿ ಆದಂಗಿದೆ!”

ಸಾಹೇಬರು ಹೌದೆಂಬಂತೆ ತಲೆಯಾಡಿಸಿಬಿಟ್ಟರು. ಆಗ ನನಗೆ ಬಂತು ನೋಡಿ ಕೋಪ!

“ದುಡ್ಡು ಕೊಟ್ಟು ತರಲ್ಲ ಮೇಡಂ. ಸಾಹೇಬ್ರೇ ಕೊಡ್ತಾರೆ. ದಿನಾ, ಅವರ ಕೈಯಾರೆ.”

ಸಾಹೇಬರು ಬಿಳಿಚಿಕೊಂಡರು. ಆದರೆ ಮೇಡಂ ಕಣ್ಣಲ್ಲಿ ನೀರು! “ನಿಮ್ಮ ಪಾಲಲ್ಲೇ ಅವನಿಗೂ ಕೊಡ್ತಿದ್ರಾ? ಅದಕ್ಕೇ ನಿಮಗೆ ಸಾಲದೆ ಹೀಗಾಗಿದೆ! ನಾಳೆಯಿಂದ ನಮ್ಮನೆಯಿಂದಲೇ ಎರಡು ಡಬ್ಬಿ. ನೀನಿನ್ನು ಡಬ್ಬಿ ಕಟ್ಟೋ ಕಷ್ಟ ತಗೋಬೇಡಮ್ಮಾ.”

ಸಾಹೇಬರ ಮುಖ ಬಾಡಿದ್ದನ್ನು ನೀವು ನೋಡಬೇಕಿತ್ತು. ಮಾರನೆಯ ದಿನದಿಂದ ಕಾರಿನಲ್ಲಿ ಹಿಂದೆ ಒಬ್ಬರು, ಮುಂದೆ ಒಬ್ಬರು ಕೂತು ಸೊಪ್ಪು ಅಗಿದರಂತೆ. ಸಂಬಳದ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಭಾನುವಾರ ನಾನು ಆಲೂಗಡ್ಡೆ ಹುರಿಯುತ್ತಿದ್ದಾಗ ಬಾಗಿಲಲ್ಲಿ ನೆರಳು. ಸಾಹೇಬರು.

“ಹೀಗೇ ಈ ಕಡೆ ಹೋಗ್ತಾ ಇದ್ದೆ,” ಎಂದರು. ನಮ್ಮ ಓಣಿಯಿಂದ ಎಲ್ಲಿಗೂ ಹೋಗಲಾಗದು, ಅದು ಚರಂಡಿಯ ಹತ್ತಿರ ಮುಗಿಯುತ್ತದೆ. ಗಂಡ ಗಡಬಡಿಸಿ ಕುರ್ಚಿ ಹಾಕಿದರು. ನಾನು ತಟ್ಟೆ ತುಂಬಿಸಿ ಕೈಯಲ್ಲೇ ಹಿಡಿದುಕೊಂಡೆ.

“ಸಂಬಳದ ವಿಷಯ ಏನಾಯ್ತು ಸಾಹೇಬ್ರೇ?”

“ಅದನ್ನ ಸೋಮವಾರ ನೋಡೋಣಮ್ಮಾ.”

“ಹಂಗಾದ್ರೆ ಆಲೂಗಡ್ಡೆನೂ ಸೋಮವಾರ ನೋಡೋಣ.”

ಸಾಹೇಬರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಅಲ್ಲೇ ಫೋನು ತೆಗೆದು ಆಫೀಸಿನ ಲೆಕ್ಕದವರಿಗೆ ಹೇಳಿದರು. ನಾನು ಕಿವಿಯಾರೆ ಕೇಳಿಸಿಕೊಂಡೆ.

ಆಮೇಲೆ ತಟ್ಟೆಯಲ್ಲಿದ್ದುದನ್ನು ಬಾಣಲೆಗೆ ವಾಪಸ್ ಸುರಿದು, ನಾಲ್ಕೇ ಹೋಳು ಉಳಿಸಿ ಅವರ ಮುಂದಿಟ್ಟೆ. ಸಕ್ಕರೆ ಕಾಯಿಲೆಯ ಮನುಷ್ಯ ನೋಡಿ, ಪಾಪ.